ಆಟಕ್ಕೆಷ್ಟು ಕಿಲೋ ಹತ್ತಿ?

ತೊಗರಿಬೇಳೆಯ ಬೆಲೆ ಏರಿದರೆ ನಮ್ಮ ಮನೆಯಲ್ಲಿ ಅದು ಆ ದಿನ ರಾತ್ರಿಯೇ ಗೊತ್ತಾಗುತ್ತದೆ; ಸಾರು ತೆಳ್ಳಗಾಗಿರುತ್ತದೆ. ಬಸ್ಸಿನ ದರ ಏರಿದರೆ ಕಂಡಕ್ಟರನ ಜೊತೆ ಯಾರಾದರೊಬ್ಬರು ಜಗಳಕ್ಕೆ ನಿಂತಿರುತ್ತಾರೆ. ಆದರೆ ಆಟದ ಬೆಲೆ ಏರಿದ್ದು ಮಾತ್ರ ಮನೆಯ ಹಿರಿಯರ ಕಿವಿಗೆ ಬೀಳುವುದೇ ಇಲ್ಲ. ಬಿದ್ದರೂ ನಾವು ನಂಬುವವರಲ್ಲ. ‘ಆಟಕ್ಕೆಂಥ ಬೆಲೆಯಪ್ಪಾ?’ ಎಂದು ಕೇಳುವ ತಲೆಮಾರು ನಮ್ಮದು. ಸುರಪುರದ ಓಣಿಗಳಲ್ಲಿ ಗೋಲಿ, ಬುಗುರಿ, ಲಗೋರಿ ಆಡಿ ಬೆಳೆದವರು ನಾವು. ಲಗೋರಿಗೆ ಬೇಕಾದ ಏಳು ಚಪ್ಪಟೆ ಕಲ್ಲುಗಳಿಗೆ ನಮ್ಮೂರಿನಲ್ಲಿ ಯಾವತ್ತೂ ಬರ ಬಂದದ್ದಿಲ್ಲ.

ಹಾಗೆಂದು ನಾನು ‘ನಮ್ಮ ಕಾಲವೇ ಚೆಂದ’ ಎಂದು ರಾಗ ಎಳೆಯಲು ಕುಳಿತಿಲ್ಲ. ವಿಡಿಯೋ ಗೇಮಿನ ಪರಿಚಯ ನನಗೂ ಉಂಟು. ಗುಲಬರ್ಗಾದಲ್ಲಿ ಬಿ.ಎಸ್ಸಿ., ಬಿ.ಎಡ್. ಓದುತ್ತಿದ್ದ ದಿನಗಳಲ್ಲಿ ಬಸ್‌ ನಿಲ್ದಾಣದ ಕಡೆ ಒಂದು ಕತ್ತಲೆ ಕೋಣೆಯ ಅಂಗಡಿಯಿತ್ತು. ನಾಲ್ಕು ಪೆಟ್ಟಿಗೆಗಳು, ಪ್ರತಿಯೊಂದರ ಮುಂದೆ ಹತ್ತು ತಲೆಗಳು. 1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಹೊರತಂದ ‘ಕ್ಯಾಡಿಲ್ಯಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಆಟ ಆಗ ಹುಡುಗರನ್ನು ಹುಚ್ಚೆಬ್ಬಿಸಿತ್ತು. ಆ ಉದ್ದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಅದರಲ್ಲಿದ್ದ ಒಂದು ಪಾತ್ರದಿಂದಾಗಿ ಎಲ್ಲರ ಬಾಯಲ್ಲೂ ಅದು ‘ಮುಸ್ತಫಾ’ ಆಟವಾಯಿತು. ಒಂದು ರೂಪಾಯಿ ಹಾಕಿದರೆ ಆಟ ಶುರು. ಕೈ ಪಳಗಿದವನು ಅದೇ ರೂಪಾಯಿಯಲ್ಲಿ ಅರ್ಧ ತಾಸು ನಿಲ್ಲುತ್ತಿದ್ದ. ನನ್ನಂಥವನು ಮೂರು ನಿಮಿಷದಲ್ಲಿ ಹೊರಗೆ. ಅಂದರೆ ಅವನ ಆಟ ತಾಸಿಗೆ ಎರಡು ರೂಪಾಯಿ, ನನ್ನದು ತಾಸಿಗೆ ಇಪ್ಪತ್ತು ರೂಪಾಯಿ! ಆಟದ ಬೆಲೆಯನ್ನು ತಾಸಿನ ಲೆಕ್ಕದಲ್ಲಿ ಅಳೆಯಬೇಕೆಂಬುದು ನನಗೆ ಹೊಳೆದದ್ದು ಆ ಕತ್ತಲೆ ಕೋಣೆಯಲ್ಲೇ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಲೂ ಅಳತೆಗೋಲು ಅದೇ ಉಳಿದಿದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅಳಿಯ ಸಾಫ್ಟ್‌ವೇರಿನಲ್ಲಿದ್ದಾನೆ. ಟಿ.ವಿ. ಪಕ್ಕದಲ್ಲಿ ಬಿಳಿಯ ರೆಕ್ಕೆಯಂಥ ಪೆಟ್ಟಿಗೆಯೊಂದು ನಿಂತಿತ್ತು. ‘ಮಾಮಾ, ಪ್ಲೇಸ್ಟೇಷನ್ 5 ಇದು’ ಎಂದ. ಬೆಲೆ ಕೇಳಿದೆ. ಭಾರತದಲ್ಲಿ 2021ರ ಫೆಬ್ರುವರಿಯಲ್ಲಿ ಮಾರಾಟಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ ಇತ್ತಂತೆ. 2022ರ ನವೆಂಬರಿನಲ್ಲಿ ಅದು 54,990 ಆಯಿತು. ಎಲೆಕ್ಟ್ರಾನಿಕ್ ವಸ್ತು ಹಳೆಯದಾದಂತೆ ಅಗ್ಗವಾಗುತ್ತದೆ ಎಂಬ ನಮ್ಮ ತಿಳಿವಳಿಕೆಗೆ ಇದು ವಿರುದ್ಧ. ಅದರಲ್ಲಿ ಆಡುವ ದೊಡ್ಡ ಆಟಗಳು ಒಂದೊಂದಕ್ಕೆ ಐದು ಸಾವಿರದ ಆಸುಪಾಸು. ತಂಗಿ ಒಳಗಿನಿಂದಲೇ, ‘ಅಣ್ಣಾ, ಐದು ಸಾವಿರ ಅಂದ್ರ ನಮ್ಮವ್ವ ಒಂದು ಮದುವಿ ಸೀರಿ ಜವಳಿ ತೆಗೀತಿದ್ಳು’ ಎಂದಳು.

ಅಳಿಯ ಬುದ್ಧಿವಂತ, ಅಮೆರಿಕದ ಲೆಕ್ಕ ಹೇಳಿದ. ದೊಡ್ಡ ಆಟವೊಂದರ ಬೆಲೆ ಅಲ್ಲಿ 2005ರ ಹೊತ್ತಿಗೆ 60 ಡಾಲರ್ ಆಯಿತು. ಹದಿನೈದು ವರ್ಷ ಅಲ್ಲೇ ನಿಂತಿತು. 2020ರಲ್ಲಿ 70 ಆಯಿತು. 2025ರ ಜೂನ್‌ನಲ್ಲಿ ನಿಂಟೆಂಡೊ ಕಂಪನಿ ಹೊಸ ‘ಮಾರಿಯೊ ಕಾರ್ಟ್’ ಆಟವನ್ನು 80 ಡಾಲರ್‌ಗೆ ಇಟ್ಟಿತು. ತಿಂಗಳ ಬಾಡಿಗೆ ಕಟ್ಟಿ ಹತ್ತಾರು ಆಟ ಆಡುವ ಏರ್ಪಾಡೂ ಇದೆ. ಅಂಥದೊಂದು, ಎಕ್ಸ್‌ಬಾಕ್ಸ್ ಗೇಮ್ ಪಾಸ್ ಅಲ್ಟಿಮೇಟ್, ಅಲ್ಲಿ 2025ರ ಅಕ್ಟೋಬರಿನಲ್ಲಿ 20 ಡಾಲರಿನಿಂದ ಒಂದೇ ಜಿಗಿತಕ್ಕೆ 30ಕ್ಕೆ ಹೋಯಿತು.

‘ಆದ್ರ ಮಾಮಾ, 2005ರ 60 ಡಾಲರ್ ಈಗಿನ ನೂರರ ಹತ್ತಿರ. ಅಂದ ಮ್ಯಾಲ ಅವರಿಗೆ ಆಟ ಅಗ್ಗ ಆದಂಗೇ ಅಲ್ಲೇನು?’ ಎಂದ. ಲೆಕ್ಕ ಸರಿಯೇ. ಅಲ್ಲಿಯ ಸಂಬಳವೂ ಬೆಲೆಗಳೂ ಏರಿವೆ. ಆಟದ ಬೆಲೆ ಅಷ್ಟು ಏರಿಲ್ಲ. ನಮ್ಮ ತೊಂದರೆ ಇರುವುದು ರೂಪಾಯಿಯಲ್ಲಿ. 2005ರಲ್ಲಿ ಒಂದು ಡಾಲರಿಗೆ 44 ರೂಪಾಯಿಯಷ್ಟಿತ್ತು. 2025ರಲ್ಲಿ 85ನ್ನು ದಾಟಿತು. ಅಂದಿನ 60 ಡಾಲರ್ ನೇರ ಲೆಕ್ಕದಲ್ಲಿ ಎರಡು ಸಾವಿರದ ಆರುನೂರು ಚಿಲ್ಲರೆ. ಈಗಿನ 80 ಡಾಲರ್ ಏಳು ಸಾವಿರದ ಹತ್ತಿರ.

ಆದರೂ ಅಳಿಯನನ್ನು ನಾನು ದುಂದುಗಾರ ಎನ್ನಲಾರೆ. ಪೆಟ್ಟಿಗೆ 54,990, ಐದು ಆಟಗಳಿಗೆ 25,000, ಒಟ್ಟು ಎಂಬತ್ತು ಸಾವಿರವೆನ್ನಿ. ದಿನಕ್ಕೆ ಒಂದು ತಾಸಿನಂತೆ ಐದು ವರ್ಷ ಆಡಿದರೆ 1,825 ತಾಸು. ತಾಸಿಗೆ 44 ರೂಪಾಯಿ ಬಿತ್ತು. ನಾಲ್ವರು ಗೆಳೆಯರು ಕೂಡಿ ಆಡಿದರೆ ತಲೆಗೆ 11. ಗುಲಬರ್ಗಾದಲ್ಲಿ ನಾನು ತೆತ್ತ ಇಪ್ಪತ್ತಕ್ಕಿಂತ ಕಡಿಮೆಯೇ! ಅದೂ ಅಲ್ಲದೆ ಅವನು ಡಿಸ್ಕ್ ತಂದು, ಆಡಿ ಮುಗಿಸಿ, ಅದನ್ನು ಮತ್ತೊಬ್ಬನಿಗೆ ಮಾರಿ, ಬಂದ ಹಣಕ್ಕೆ ಒಂದಿಷ್ಟು ಸೇರಿಸಿ ಮುಂದಿನದನ್ನು ತರುತ್ತಾನೆ. ನಾವು ಎಂಟನೇ ಇಯತ್ತೆಯ ಪುಸ್ತಕ ಮಾರಿ ಒಂಬತ್ತನೆಯದನ್ನು ಕೊಂಡಂತೆ.

ಇಷ್ಟು ಹೇಳಿದ್ದು ಯಾಕೆಂದರೆ, ದುಬಾರಿ ಆಟ ಯಾವುದು ಎಂಬ ಪ್ರಶ್ನೆಗೆ ಉತ್ತರ ಬೆಂಗಳೂರಿನ ಆ ಬಿಳಿ ಪೆಟ್ಟಿಗೆಯಲ್ಲಿಲ್ಲ. ಅದು ನಮ್ಮ ಯಾದಗಿರಿ ಜಿಲ್ಲೆಯ ಹಳ್ಳಿ ಹುಡುಗರ ಕೈಯಲ್ಲಿದೆ. ಅದರ ಹೆಸರು ‘ಫ್ರೀ’.

ಶಹಾಪುರದಿಂದ ಯಾದಗಿರಿ ಕಡೆ ಹೋಗುವ ಬಸ್ಸಿನಲ್ಲಿ ನೀವು ಕುಳಿತು ನೋಡಬೇಕು. ಮೂರು ಹುಡುಗರಿಗೆ ಒಂದು ಮೊಬೈಲ್. ಒಬ್ಬ ಆಡುತ್ತಾನೆ, ಇಬ್ಬರು ಬೈಯುತ್ತಾರೆ. ‘ಏನೋ ತಮ್ಮಾ, ಇದಕ್ಕೆಷ್ಟು ರೊಕ್ಕ?’ ಎಂದರೆ, ‘ಫ್ರೀ ಅದರೀ ಸರ’ ಎಂಬ ಉತ್ತರ ತಯಾರು. ಆದರೆ ಆಟಕ್ಕೆ ಡೇಟಾ ಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವ ಮುನ್ನ ಒಂದು ಜಿಬಿಗೆ 250 ರೂಪಾಯಿಯಷ್ಟು ಕೊಡಬೇಕಿತ್ತು. ಆಗ ಹಳ್ಳಿಯಲ್ಲಿ ಯಾರೂ ಆನ್‌ಲೈನ್ ಆಟ ಆಡಲಿಲ್ಲ. ಆಮೇಲೆ ಡೇಟಾ ಅಗ್ಗವಾಯಿತು, ಆಟ ಮನೆ ಮನೆಗೂ ಹೊಕ್ಕಿತು. ರೂಢಿಯಾದ ಮೇಲೆ ದರ ಮೆಲ್ಲಗೆ ಮೇಲೆದ್ದಿತು. 2024ರ ಜುಲೈನಲ್ಲಿ ಮೂರೂ ದೊಡ್ಡ ಕಂಪನಿಗಳು ದರ ಏರಿಸಿದವು. ದಿನಕ್ಕೆ ಒಂದೂವರೆ ಜಿಬಿಯ 28 ದಿನಗಳ ಜಿಯೋ ಪ್ಯಾಕು 239ರಿಂದ 299 ಆಯಿತು. ಇದು ‘ಫ್ರೀ’ ಆಟದ ಮೊದಲ ಬೆಲೆ.

ಎರಡನೆಯ ಬೆಲೆ ಆಟದ ಒಳಗಿದೆ. ಅದು ನನಗೆ ತಿಳಿದದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗನಿಂದ.

ನಮ್ಮ ಭಾಗದಲ್ಲಿ ದಸರೆ ಕಳೆದ ಮೇಲೆ ಹತ್ತಿ ಬಿಡಿಸುವ ಕೆಲಸ ಜೋರಾಗುತ್ತದೆ. ಹೊಲ ಬಿಳಿಯಾದಂತೆ ನಮ್ಮ ಹಾಜರಿ ಪುಸ್ತಕ ಕೆಂಪಾಗುತ್ತದೆ. ಬಾರದವರ ಹೆಸರಿನ ಮುಂದೆ ಕೆಂಪು ಮಸಿಯ ಗುರುತು. ಆದರೆ ಈ ಹುಡುಗ ಹತ್ತಿಗೆ ಹೋಗುವವನಲ್ಲ. ತಂದೆ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ದುಡಿಯಲು ಹೋಗಿದ್ದರೂ, ತಾಯಿ ಇವನನ್ನು ಶಾಲೆ ಬಿಡಿಸಿದವಳಲ್ಲ. ಎಂಟು ದಿನ ಬರಲಿಲ್ಲ. ಒಂಬತ್ತನೆಯ ದಿನ ಬಂದ. ಬೆರಳ ತುದಿಗಳೆಲ್ಲ ಹತ್ತಿಕಾಯಿಯ ಮೊನೆ ತಾಗಿ ಗೀರು ಗೀರು.

ಪ್ರಯೋಗಶಾಲೆಗೆ ಕರೆದು ಕೂರಿಸಿ ಕೇಳಿದೆ. ಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಒಂದೊಂದೇ ಹೊರಬಂತು. ಅವ್ವನಿಗೆ ಓದಲು ಬಾರದು. ಬ್ಯಾಂಕಿನ ಕೆಲಸ, ಫೋನ್ ಪೇ, ಎಲ್ಲ ಇವನದೇ. ಪಿನ್ ಹಾಕಿಕೊಟ್ಟವನೂ ಇವನೇ. ಗೃಹಲಕ್ಷ್ಮಿಯ ಎರಡು ಸಾವಿರ ಅವಳ ಖಾತೆಗೆ ಜಮಾ ಆಗಿತ್ತು. ಆಟದಲ್ಲಿ ಒಂದು ಪೆಟ್ಟಿಗೆ ಬರುತ್ತದಂತೆ. ರೊಕ್ಕ ಕೊಟ್ಟು ತೆರೆದರೆ ಒಳಗೆ ಏನಾದರೂ ಇರುತ್ತದೆ, ಅದೃಷ್ಟವಿದ್ದರೆ ಹುಲಿಪಟ್ಟೆಯ ಅಂಗಿ. ಅಂಗಿ ಇವನಿಗಲ್ಲ, ಆಟದೊಳಗಿನ ಮನುಷ್ಯನಿಗೆ. ಎಂಬತ್ತು ರೂಪಾಯಿಯಂತೆ ಇಪ್ಪತ್ತನಾಲ್ಕು ಸಲ ಕೊಟ್ಟ. 1,920 ರೂಪಾಯಿ. ಒಂದೊಂದು ಸಲವೂ ‘ಎಂಬತ್ತೇ ಅಲ್ಲೇನು’ ಎನ್ನಿಸಿತಂತೆ. ಉಳಿದದ್ದು ಎಂಬತ್ತು.

ಅವ್ವ ಕೇಳುವ ಮೊದಲೇ ರೊಕ್ಕ ತುಂಬಬೇಕೆಂದು ಪಕ್ಕದೂರಿನ ಹೊಲಕ್ಕೆ ಹತ್ತಿ ಬಿಡಿಸಲು ಹೋದ. ಕಿಲೋಕ್ಕೆ ಹತ್ತು ರೂಪಾಯಿ ಕೂಲಿ. ದಿನಕ್ಕೆ ಇಪ್ಪತ್ತನಾಲ್ಕು ಕಿಲೋ. ಕರಿಹಲಗೆಯ ಮೇಲೆ ಅವನ ಕೈಯಿಂದಲೇ ಬರೆಸಿದೆ: 1,920ನ್ನು ಹತ್ತರಿಂದ ಭಾಗಿಸಿದರೆ 192 ಕಿಲೋ. ಅದನ್ನು 24ರಿಂದ ಭಾಗಿಸಿದರೆ ಎಂಟು ದಿನ. ಒಂದು ಸಲ ಪೆಟ್ಟಿಗೆ ತೆರೆಯಲು ಎಂಟು ಕಿಲೋ ಹತ್ತಿ. ಹತ್ತಿಯ ತೂಕ ಎಷ್ಟೆಂದು ಬಿಡಿಸಿದವರಿಗೇ ಗೊತ್ತು. ಒಂದು ಕಿಲೋ ಆಗಬೇಕಾದರೆ ಎಷ್ಟು ಸಲ ಬಗ್ಗಬೇಕು!

ಎರಡು ದಿನ ಬಿಟ್ಟು ತಾಯಿಯೇ ಶಾಲೆಗೆ ಬಂದಳು. ‘ಸರ, ಹುಡುಗ ಸಾಲಿ ತಪ್ಪಿಸಿ ಹತ್ತಿಗಿ ಹೋಗ್ಯಾನಂತ. ಮನಿ ಕಷ್ಟ ನೋಡಿ ಹೋಗ್ಯಾನ ಕಾಣಸ್ತದ, ಬೈಬ್ಯಾಡ್ರೀ’ ಎಂದಳು. ನಾನು ಹುಡುಗನ ಮುಖ ನೋಡಿದೆ. ಹೇಳಬೇಕಾದವನು ನಾನಲ್ಲ, ಅವನು. ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತು, ಕೊನೆಗೆ ತಾನೇ ಹೇಳಿದ. ಅವಳು ಅಳುತ್ತಾಳೆ, ಇಲ್ಲವೇ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ‘ಎರಡು ಸಾವಿರಕ್ಕ ಏನ್ ಬಂತು, ತೋರ್ಸು’ ಎಂದು ಫೋನು ಮುಂದೆ ಹಿಡಿದಳು. ಹುಲಿಪಟ್ಟೆಯ ಅಂಗಿ ಬಂದೇ ಇರಲಿಲ್ಲ. ಬಂದದ್ದು ಒಂದು ಚೀಲ, ಒಂದು ಟೊಪ್ಪಿಗೆ, ಇನ್ನೇನೋ ಹಾಳುಮೂಳು. ಅವಳು ಆ ಟೊಪ್ಪಿಗೆ ಹಾಕಿಕೊಂಡು ಕುಣಿಯುವ ಗೊಂಬೆಯನ್ನು ಬಹಳ ಹೊತ್ತು ನೋಡಿದಳು. ‘ಟೊಪ್ಪಿಗಿ ಅವನ ತಲಿಮ್ಯಾಲ ಅದ. ಬಿಸಲು ನಿನ್ನ ತಲಿಮ್ಯಾಲ ಬಿತ್ತಲ್ಲೋ!’ ಎಂದಳು. ಅಷ್ಟೇ. ಹುಡುಗ ಅತ್ತದ್ದು ಆಗ.

ಆ ಪೆಟ್ಟಿಗೆಯಲ್ಲಿ ಅಂಗಿ ಯಾಕೆ ಬರಲಿಲ್ಲ ಎಂಬುದು ನನ್ನ ಪಾಲಿನ ಪ್ರಶ್ನೆ. ಅದನ್ನು ಶನಿವಾರದ ಮುಂಜಾನೆ ಶಾಲೆಯಲ್ಲಿ ತರಗತಿಗೇ ಇಟ್ಟೆ. ಒಂದು ಡಬ್ಬಿಯಲ್ಲಿ ನೂರು ತೊಗರಿಕಾಳು. ಒಂದಕ್ಕೆ ಮಾತ್ರ ಕೆಂಪು ಮಸಿ. ಕಣ್ಣು ಮುಚ್ಚಿ ಒಂದು ಕಾಳು ತೆಗೆ, ನೋಡು, ಮತ್ತೆ ಒಳಗೆ ಹಾಕು. ಹೀಗೆ ನೂರು ಸಲ. ನೂರರಲ್ಲಿ ಒಂದು ಸಲ ಸಿಗುವುದಾದರೆ ನೂರು ಸಲ ತೆಗೆದವನಿಗೆ ಸಿಕ್ಕೇ ಸಿಗಬೇಕಲ್ಲವೇ? ‘ಸಿಗಬೇಕ್ರಿ’ ಎಂದು ತರಗತಿಯೆಲ್ಲ ಕೂಗಿತು. ಗಣಿತ ಹಾಗೆನ್ನುವುದಿಲ್ಲ. ತೆಗೆದ ಕಾಳು ಮತ್ತೆ ಡಬ್ಬಿಗೇ ಹೋಗುವುದರಿಂದ ಡಬ್ಬಿಗೆ ನೆನಪಿಲ್ಲ. ನೂರನೆಯ ಸಲವೂ ಅದು ಮೊದಲನೆಯ ಸಲವೇ. ಲೆಕ್ಕ ಹಾಕಿದರೆ ನೂರು ಸಲ ತೆಗೆದ ನೂರು ಜನರಲ್ಲಿ ಸುಮಾರು 63 ಜನರಿಗೆ ಸಿಗುತ್ತದೆ, 37 ಜನ ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಎರಡು ಶನಿವಾರ ಹಿಡಿಯಿತು. ನಲವತ್ತು ಮಕ್ಕಳಲ್ಲಿ ಹದಿಮೂರು ಮಂದಿಗೆ ಕೆಂಪು ಕಾಳು ಸಿಗಲೇ ಇಲ್ಲ. ಆ ಹದಿಮೂರು ಮಂದಿಯ ಮುಖ ನೋಡಿ ಉಳಿದವರು ಕಲಿತದ್ದು ನನ್ನ ಪಾಠದಿಂದ ಕಲಿತಿದ್ದಕ್ಕಿಂತ ಹೆಚ್ಚು.

ಸಿಗದಿದ್ದರೂ ಕೈ ಯಾಕೆ ನಿಲ್ಲುವುದಿಲ್ಲ? ಇದಕ್ಕೂ ಉತ್ತರವಿದೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದ. ಗುಂಡಿಯನ್ನು ಕೊಕ್ಕಿನಿಂದ ಕುಟ್ಟಿದರೆ ಕಾಳು. ಎಷ್ಟು ಸಲ ಕುಟ್ಟಿದರೆ ಕಾಳು ಬೀಳುತ್ತದೆ ಎಂಬುದು ಗೊತ್ತಿಲ್ಲದಂತೆ ಮಾಡಿದಾಗ ಪಾರಿವಾಳ ಬಿಡದೆ ಕುಟ್ಟುತ್ತದೆ. ಕಾಳು ನಿಲ್ಲಿಸಿದರೂ ಬಹಳ ಹೊತ್ತು ಕುಟ್ಟುತ್ತಲೇ ಇರುತ್ತದೆ. ಜಾತ್ರೆಯಲ್ಲಿ ಬಳೆ ಎಸೆಯುವ ಆಟದವನಿಗೆ ಈ ವಿದ್ಯೆ ಓದದೆಯೇ ಗೊತ್ತು. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ತೀರ್ಮಾನಿಸಿತು. ನಮ್ಮಲ್ಲಿ ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಒಳ್ಳೆಯದೇ ಆಯಿತು. ಆದರೆ ಹಣ ಕೊಟ್ಟು ಟೊಪ್ಪಿಗೆ ಪಡೆಯುವುದು ಆ ಬಲೆಗೆ ಬೀಳುವುದಿಲ್ಲ. ಅಲ್ಲಿ ಗೆಲ್ಲುವುದು ಹಣವಲ್ಲವಲ್ಲ!

ಹಾಗಾದರೆ ಮಕ್ಕಳು ಆಡಬಾರದೇ? 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಶೇಕಡಾ 50.59ರೊಂದಿಗೆ ರಾಜ್ಯದಲ್ಲೇ ಕೊನೆಗೆ ನಿಂತಾಗ ‘ಎಲ್ಲ ಮೊಬೈಲಿನಿಂದ’ ಎಂದವರು ಬಹಳ. ಹತ್ತಿ ಹೊಲ, ಗುಳೆ, ಖಾಲಿ ಬಿದ್ದ ಶಿಕ್ಷಕರ ಹುದ್ದೆ ಇವುಗಳ ಮಾತೆತ್ತುವುದಕ್ಕಿಂತ ಮೊಬೈಲನ್ನು ಬೈಯುವುದು ಸುಲಭ. ಆಟ ಬೇಡವೆಂದು ನಾನು ಹೇಳಲಾರೆ. ಹೇಳಿದರೂ ಕೇಳುವವರಾರು? ಕಡಿಮೆ ಖರ್ಚಿನಲ್ಲಿ ಆಡುವ ದಾರಿ ತೋರಿಸಬಹುದು. ನಾನು ಮತ್ತು ಅಳಿಯ ಕೂಡಿ ಹುಡುಕಿದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು, ಕಾಯುವುದು. ಹೊಸ ಆಟ ಹೊಸ ಮಾವಿನಹಣ್ಣಿನಂತೆ. ಮೊದಲು ಬಂದದ್ದು ದುಬಾರಿ, ಹುಳಿಯೂ ಹೌದು. ಕಂಪ್ಯೂಟರ್ ಇದ್ದವರಿಗೆ ‘ಸ್ಟೀಮ್’ ಎಂಬ ಅಂಗಡಿಯಲ್ಲಿ ಬೇಸಿಗೆ ಮತ್ತು ಚಳಿಗಾಲದ ರಿಯಾಯಿತಿ ಮಾರಾಟ ನಡೆಯುತ್ತದೆ. ವರ್ಷ ಎರಡು ವರ್ಷ ಹಳೆಯ ಆಟ ಅರ್ಧ ಬೆಲೆಗೂ ಅದಕ್ಕಿಂತ ಕಡಿಮೆಗೂ ಸಿಗುವುದುಂಟು. ಕೊಂಡ ಮೇಲೆ ಹಿಡಿಸದಿದ್ದರೆ ಹದಿನಾಲ್ಕು ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ‘ಎಪಿಕ್’ ಎಂಬ ಇನ್ನೊಂದು ಅಂಗಡಿ 2018ರಲ್ಲಿ ಶುರುವಾದಂದಿನಿಂದ ಆಗಾಗ ಒಳ್ಳೆಯ ಆಟಗಳನ್ನೇ ಪುಕ್ಕಟೆ ಹಂಚುತ್ತ ಬಂದಿದೆ.

ಎರಡನೆಯದು, ಡಿಸ್ಕ್ ಸಿಗುವಾಗ ಡಿಸ್ಕನ್ನೇ ಕೊಳ್ಳುವುದು. ಕೈಯಲ್ಲಿ ಹಿಡಿಯಬಹುದಾದದ್ದನ್ನು ಮಾರಬಹುದು, ಕೈಗಡ ಕೊಡಬಹುದು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದನ್ನು ಮತ್ತೊಬ್ಬರಿಗೆ ಮಾರಲಾಗದು. ಮೂರನೆಯದು, ನಿಜವಾಗಿಯೂ ಪುಕ್ಕಟೆಯಾದದ್ದನ್ನು ಹುಡುಕುವುದು. ‘ಸೂಪರ್ ಟಕ್ಸ್ ಕಾರ್ಟ್’ ಎಂಬ ಗಾಡಿ ಓಡಿಸುವ ಆಟವನ್ನು ಲೋಕದ ಹವ್ಯಾಸಿಗಳು ಸೇರಿ ಮಾಡಿದ್ದಾರೆ. ಅದರಲ್ಲಿ ಕೊಳ್ಳುವ ಟೊಪ್ಪಿಗೆ ಇಲ್ಲ. ಚದುರಂಗಕ್ಕೆ ‘ಲಿಚೆಸ್’ ಇದೆ. 2010ರಲ್ಲಿ ಫ್ರಾನ್ಸಿನ ಒಬ್ಬ ಪ್ರೋಗ್ರಾಮರ್ ಶುರುಮಾಡಿದ್ದು. ದೇಣಿಗೆಯಿಂದ ನಡೆಯುತ್ತದೆ, ಜಾಹೀರಾತು ಕೂಡ ಇಲ್ಲ.

ನಾಲ್ಕನೆಯದು ತಾಯಂದಿರಿಗೆ. ಪಿನ್ ನಂಬರು ನಾಲ್ಕೋ ಆರೋ ಅಂಕಿ. ಅಕ್ಷರ ಬಾರದವರೂ ಅಂಕಿ ಕಲಿಯಬಹುದು. ನಮ್ಮ ಹುಡುಗನ ತಾಯಿ ಒಂದು ಮಧ್ಯಾಹ್ನದಲ್ಲಿ ಕಲಿತಳು. ಈಗ ಪಿನ್ ಅವಳಿಗಷ್ಟೇ ಗೊತ್ತು. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವ ಅನುಕೂಲವಿದೆ, ಗೊತ್ತಿದ್ದವರಿಂದ ಹಾಕಿಸಿಕೊಳ್ಳಿ. ತಿಳಿಯದೆ ಹಣ ಹೋದರೆ 48 ತಾಸಿನೊಳಗೆ ಅಲ್ಲಿಯೇ ಮರುಪಾವತಿ ಕೇಳಿ ನೋಡಬಹುದು.

ಇವೆಲ್ಲಕ್ಕಿಂತ ಮಿಗಿಲಾದದ್ದು ಲೆಕ್ಕ ಬರೆಯುವುದು. ತರಗತಿಯ ಮಕ್ಕಳೆಲ್ಲ ಒಂದು ತಿಂಗಳು ‘ಆಟದ ವಹಿ’ ಬರೆಯಲಿ ಎಂದೆ. ಯಾವ ಆಟ, ಎಷ್ಟು ತಾಸು, ಎಷ್ಟು ರೂಪಾಯಿ, ಅದಕ್ಕೆಷ್ಟು ಕಿಲೋ ಹತ್ತಿ. ಹುಡುಗರು ನಗುತ್ತ ಶುರುಮಾಡಿದರು. ಎರಡನೆಯ ವಾರದ ಹೊತ್ತಿಗೆ ಕಿಲೋದ ಅಂಕಣದಲ್ಲಿ ಸೊನ್ನೆ ತರಲು ಪೈಪೋಟಿ ನಡೆಸಿದ್ದರು. ಬೈದು ಬಿಡಿಸಲಾಗದ್ದನ್ನು ಒಂದು ಅಂಕಣ ಬಿಡಿಸಿತು.

ತಿಂಗಳ ಕೊನೆಗೆ ವಹಿಗಳನ್ನು ತಿದ್ದಲು ಕುಳಿತೆ. ಹಿಂದಿನ ಬೆಂಚಿನ ಒಬ್ಬ ಹುಡುಗಿಯ ವಹಿಯಲ್ಲಿ ಪ್ರತಿ ದಿನವೂ ಒಂದೇ ಸಾಲಿತ್ತು. ಆಟ: ಇಲ್ಲ. ತಾಸು: ಸೊನ್ನೆ. ರೂಪಾಯಿ: ಸೊನ್ನೆ. ಹತ್ತಿ: ಸೊನ್ನೆ. ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ‘ಸರ, ನಮ್ಮ ಮನೆಯಲ್ಲಿ ಮೊಬೈಲ್ ಅಣ್ಣನ ಕೈಯಲ್ಲಿ ಇರುತ್ತದೆ. ನಾನು ಭಾಂಡೆ ತಿಕ್ಕಿ, ನೀರು ತರುತ್ತೇನೆ.’ ಮತ್ತೂ ಆರು ಜನ ಹೆಣ್ಣುಮಕ್ಕಳ ವಹಿ ಹೆಚ್ಚು ಕಡಿಮೆ ಹೀಗೇ ಇತ್ತು. ಲೆಕ್ಕದ ಪ್ರಕಾರ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಉಳಿಸಿದವರು ಇವರೇ. ಅದನ್ನು ಉಳಿತಾಯವೆಂದು ಕರೆಯಲು ನನಗೆ ಮನಸ್ಸು ಬರಲಿಲ್ಲ.

ಯಾದಗಿರಿಯ ಅಂಗಡಿಯೊಂದರಿಂದ ಎರಡು ಚದುರಂಗದ ಮಣೆ ತಂದೆ. ಎರಡೂ ಸೇರಿ ಆರುನೂರು ರೂಪಾಯಿ, ಅಂದರೆ ಅರವತ್ತು ಕಿಲೋ. ಮಧ್ಯಾಹ್ನ ಬಿಸಿಯೂಟದ ಮೇಲೆ ಅರ್ಧ ತಾಸು, ಮೊದಲ ಸರದಿ ಹೆಣ್ಣುಮಕ್ಕಳದು. ದಿನಕ್ಕೆ ಎರಡು ಮಣೆಯಲ್ಲಿ ನಾಲ್ವರು. ವರ್ಷಕ್ಕೆ ಇನ್ನೂರು ದಿನ ಶಾಲೆ ನಡೆದರೂ ನಾನೂರು ತಾಸು ಆಟವಾಯಿತು. ತಲೆಗೆ ತಾಸಿಗೆ ಒಂದೂವರೆ ರೂಪಾಯಿ, ಅದೂ ಮೊದಲ ವರ್ಷ ಮಾತ್ರ. ಮಣೆ ಮುರಿಯದಿದ್ದರೆ ಆಮೇಲೆಲ್ಲ ಪುಕ್ಕಟೆ. ಈ ಪುಕ್ಕಟೆಯೊಳಗೆ ಪೆಟ್ಟಿಗೆ ಇಲ್ಲ. ಒಂದು ಕುದುರೆ ಮೊನ್ನೆ ಕಳೆದುಹೋಯಿತು. ಅದರ ಜಾಗದಲ್ಲಿ ಆ ಹುಡುಗಿ ಒಂದು ಹತ್ತಿಕಾಯಿ ಇಟ್ಟು ಆಡುತ್ತಿದ್ದಾಳೆ. ಚೆನ್ನಾಗಿಯೇ ಜಿಗಿಯುತ್ತಿದೆ.